ಕಿಟಕಿ ಪಕ್ಕದ ಗೋಧಿ ಬಣ್ಣ

ಮನೆಯಿಂದ,
ಹತ್ತನೇ ತಾರೀಖು, ಸಂಜೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಪ್ರೀತಿಯವಳಿಗೆ,

ಮೊಣಕಾಲು ನೋವು ಹೇಗಿದೆ? ನಿಮ್ಮಣ್ಣನ ಮನೆಯ ಮೆಟ್ಟಿಲು ಕಡಿದಾಗಿದೆ, ಗೋಡೆ ಹಿಡಿದುಕೊಂಡೇ ಇಳಿ. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆಗೆ ಒಂದು ದಿನ ಉಪ್ಪು ಹೆಚ್ಚು, ಇನ್ನೊಂದು ದಿನ ಇಲ್ಲವೇ ಇಲ್ಲ. ಬೈಯುವವರಿಲ್ಲದೆ ಸುಮ್ಮನೆ ತಿನ್ನುತ್ತಿದ್ದೇನೆ.

ನೀನು ಹೋಗಿ ಒಂಬತ್ತು ದಿನವಾಯಿತು. ಯಾವ ಬಣ್ಣ ಎಂದು ತೀರ್ಮಾನವಾಗದೆ ನಡುಮನೆಯ ಗೋಡೆ ಹಾಗೇ ಇದೆ. ಕಿಟಕಿ ಪಕ್ಕ ನಿನ್ನ ಗೋಧಿ ಬಣ್ಣದ ತೇಪೆ, ಬಾಗಿಲ ಪಕ್ಕ ನನ್ನ ಹಾಲು ಹೆಚ್ಚಾದ ಚಹಾ ಬಣ್ಣದ ತೇಪೆ. ಎರಡಕ್ಕೂ ಏನು ಮಹಾ ವ್ಯತ್ಯಾಸ ಎಂಬುದು ನನ್ನ ವಾದ. ಅವತ್ತು ನಾಲ್ಕು ಗಂಟೆ ಹೊತ್ತಿಗೆ ನೀನು ಕುರ್ಚಿ ಎಳೆದುಕೊಂಡು ಕೂತು, "ಕಿಟಕಿ ಕಡೆಯದು ಬೆಚ್ಚಗಿದೆ, ಬಾಗಿಲ ಕಡೆಯದು ಸಪ್ಪೆ" ಅಂದೆ. ಮೂವತ್ತು ವರ್ಷ ಊರವರ ಗೋಡೆಗೆಲ್ಲ ಬಣ್ಣ ಬಳಿದವನಿಗೆ ಪಾಠ ಹೇಳುತ್ತಾಳಲ್ಲ ಎಂದು ನಿಮ್ಮಣ್ಣನ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಿಮ್ಮ ನಗು ಇಳಿದ ಮೇಲೆ ಹೇಳಿ ಕಳಿಸಿ, ಬರ್ತೀನಿ" ಅಂದವಳೇ ಅವರ ಜೊತೆ ಹೊರಟುಬಿಟ್ಟೆ.

ಕೆಲಸವಿಲ್ಲದ ಈ ದಿನಗಳಲ್ಲಿ ನಿನ್ನ ಕುರ್ಚಿಯಲ್ಲೇ ಕೂರುತ್ತೇನೆ. ಬೆಳಗ್ಗೆ ಎರಡು ತೇಪೆಯೂ ಅವಳಿಜವಳಿ. ನಾಲ್ಕು ಗಂಟೆಗೆ ಎದುರುಮನೆಯ ಕೆಂಪು ಗೋಡೆಗೆ ಬಿಸಿಲು ಬಿದ್ದು, ಆ ಕೆಂಪು ತೆಳ್ಳಗೆ ನಮ್ಮ ಕಿಟಕಿಯೊಳಗೆ ಇಳಿಯುತ್ತದೆ. ಆಗ ಕಿಟಕಿ ಕಡೆಯ ತೇಪೆ ಈಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯ ಹಾಗೆ ಬೆಚ್ಚಗಾಗುತ್ತದೆ. ಬಾಗಿಲ ಕಡೆಯದು ನೀನು ಹೇಳಿದ ಹಾಗೇ ಸಪ್ಪೆ. ನೋಡುತ್ತಾ ನೋಡುತ್ತಾ ಜೊಂಪು ಹತ್ತುತ್ತದೆ. ಕಣ್ಣು ಬಿಟ್ಟಾಗ ಆ ಬೆಳಕು ಹೋಗಿರುತ್ತದೆ, ನೀನು ಒಳಗೆಲ್ಲೋ ಪಾತ್ರೆ ಸರಿಸುತ್ತಿದ್ದೀಯ ಎಂದು ಒಂದು ಕ್ಷಣ ಅನ್ನಿಸುತ್ತದೆ. ಬಣ್ಣ ಒಣಗುವ ಮೊದಲೇ ಏಣಿ ಹೊತ್ತು ಮುಂದಿನ ಮನೆಗೆ ಹೋಗುವವನು ನಾನು. ಬಳಿದ ಗೋಡೆಯ ಎದುರು ಒಂದು ದಿನವೂ ಕೂತವನಲ್ಲ. ನೀನಿಲ್ಲದೆ ತುಂಬಾ ಬೇಜಾರಾಗಿದೆ.

ನಿಮ್ಮಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು.

ನಿನ್ನ
ಬಣ್ಣದವನು

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎರಡು ತೇಪೆಯೂ ನನ್ನ ಡಬ್ಬಿಯ ಬಣ್ಣವೇ. ನಿನಗೆಲ್ಲಿ ತಿಳಿಯುತ್ತದೆ ಎಂದುಕೊಂಡು ನಿನ್ನ ಗೋಧಿ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಅದಕ್ಕೇ ಅಷ್ಟು ನಗು. ನೀನು ಕಂಡದ್ದನ್ನು ಹೇಳಿದ್ದೆ, ನಾನು ನೋಡದೆಯೇ ನಕ್ಕಿದ್ದೆ. ತಪ್ಪಾಯಿತು. ನಗು ಇಳಿದಿದೆ. ನಿನ್ನ ಡಬ್ಬಿ ಇನ್ನೂ ಮುಚ್ಚಿಯೇ ಇದೆ, ನೀನೇ ತೆರೆಯಬೇಕು. ಬರುವ ದಿನ ನಾಲ್ಕು ಗಂಟೆಯೊಳಗೆ ಬಾ.