ಮಗ್ಗ ನಿಂತಾಗ

ದೊಡ್ಡಬಳ್ಳಾಪುರ
18-8-2024, ಭಾನುವಾರ

ಪ್ರೀತಿಯ ಜ್ಯೋತಿಗೆ,

ನಾವಿಬ್ಬರೂ ಕ್ಷೇಮ ಎಂದು ಶುರು ಮಾಡಬೇಕು. ನಾನು ಕ್ಷೇಮವಾಗಿದ್ದೇನೆ. ಸಿಂಚನಳ ಬಗ್ಗೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ದಿನಾ ಸಂಜೆ ಫೋನಿನಲ್ಲಿ ಮಾತಾಡುವವನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಸುಳ್ಳು ಹೇಳಿಬಿಡುತ್ತೇನೆ.

ನಿನ್ನೆ ನೀನು ಕೇಳಿದೆ, ಅಮ್ಮನ ಸೊಂಟದ ಮೂಳೆ ಇನ್ನೂ ಕೂಡಿಲ್ಲ, ಮಗಳು ನಿಮ್ಮ ಹತ್ತಿರ ಇಷ್ಟು ಚೆನ್ನಾಗಿದ್ದಾಳಲ್ಲ, ಹೊಸಕೋಟೆಯಲ್ಲೇ ಇನ್ನೊಂದು ತಿಂಗಳು ಇದ್ದು ಬರಲೇ ಎಂದು. ನಾನು ಆಗಲಿ ಎಂದೆ. ಆಗಬಾರದು ಜ್ಯೋತಿ. ಅತ್ತೆಯನ್ನು ನೋಡಿಕೊಳ್ಳಲು ನಿಮ್ಮ ಅಣ್ಣನ ಮನೆಯವರನ್ನು ಕೇಳು, ನೀನು ಬಂದುಬಿಡು.

ನೀನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಜಂಬ ಕೊಚ್ಚಿದ್ದು ನಿನಗೆ ನೆನಪಿರಬೇಕು. ಮುದ್ದು ಮಾಡಿ ಕೆಡಿಸಿದ್ದೀಯ, ನನ್ನ ಕೈಗೆ ಬಿಟ್ಟು ನೋಡು, ನೆಟ್ಟಗೆ ಮಾಡುತ್ತೇನೆ ಎಂದಿದ್ದೆ. ನೀನು ಅವಳ ಕಿವಿಗೆ ಹತ್ತಿಯಿಟ್ಟು ಬಸ್ಸು ಹತ್ತಿದೆ. ಆಟಿಸಂ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಎಲ್ಲರ ಮುಂದೆ ನಾನೂ ಆ ಮಾತು ಹೇಳುತ್ತಿದ್ದೆ, ಒಳಗೊಳಗೆ ಮಾತ್ರ ಇದು ಬರೀ ಹಟ ಎಂದೇ ಅಂದುಕೊಂಡಿದ್ದೆ.

ಮೊದಲ ವಾರವೆಲ್ಲ ಕೂಗಾಡಿದೆ. ನಾನು ಕೂಗಿದಷ್ಟೂ ಅವಳು ಕಿವಿ ಮುಚ್ಚಿಕೊಂಡು ಕಿರುಚಿದಳು. ಹೊಡೆಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೊಡೆಯಲಿಲ್ಲ ಎನ್ನುವುದೇ ನನ್ನ ದೊಡ್ಡಸ್ತಿಕೆಯಾಗಿತ್ತು.

ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುವವಳು ನಮ್ಮ ಮಗ್ಗಗಳ ಗದ್ದಲಕ್ಕೆ ಮಾತ್ರ ಹೆದರುವುದಿಲ್ಲ, ನಿನಗೆ ಗೊತ್ತಲ್ಲ. ಎರಡೂ ಮಗ್ಗ ಓಡುತ್ತಿರುವಾಗ ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಾಳೆ, ನೆಲ ಅದುರಿದ ಹಾಗೆಲ್ಲ ತನ್ನಷ್ಟಕ್ಕೆ ನಗುತ್ತಾಳೆ. ಒಂದು ಮಧ್ಯಾಹ್ನ ಅನ್ನದ ತಟ್ಟೆಯನ್ನು ನೂಲಿನ ಮೇಲೆ ಎಸೆದಳು. ಸಿಟ್ಟು ನೆತ್ತಿಗೇರಿ, ಹೊಡೆಯಲು ಎತ್ತಿದ ಕೈಯಿಂದ ಮಗ್ಗದ ಮೋಟಾರಿನ ಸ್ವಿಚ್ ಆರಿಸಿದೆ. ಅವಳು ಅಲ್ಲೇ ತಣ್ಣಗಾದಳು. ಎತ್ತಿಕೊಂಡು ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ, ಅಲುಗಾಡದೆ ನಿಂತಳು. ಆಮೇಲೆ ಮಗ್ಗ ಹಾಕಿದೆ.

ಮಗಳನ್ನು ದಾರಿಗೆ ತರುವ ಗುಟ್ಟು ಸಿಕ್ಕಿತು ಎಂದು ನಾನು ಕುಣಿದಾಡಿಬಿಟ್ಟೆ. ಎದುರು ಮನೆಯ ಆದಿನಾರಾಯಣಪ್ಪನವರ ಮುಂದೆ ಮೀಸೆ ತಿರುವಿದ್ದೂ ಆಯಿತು. ಕಚ್ಚಿದರೆ ಮಗ್ಗ ನಿಲ್ಲುತ್ತಿತ್ತು. ಆಮೇಲೆ ಕರೆದಾಗ ತಿರುಗದಿದ್ದರೂ ನಿಲ್ಲುತ್ತಿತ್ತು, ತಲೆ ಬಾಚಲು ಬಿಡದಿದ್ದರೂ ನಿಲ್ಲುತ್ತಿತ್ತು. ನೀನು ವಿಡಿಯೋ ಕಾಲ್ ಮಾಡಿದಾಗ, ಎಷ್ಟು ಗಂಭೀರವಾಗಿ ಕೂತಿದ್ದಾಳೆ ನೋಡು ಎಂದು ತೋರಿಸಿದೆನಲ್ಲ, ಆಗತಾನೇ ಗೋಡೆಯಿಂದ ಬಿಡಿಸಿಕೊಂಡು ಬಂದು ಕೂರಿಸಿದ್ದೆ. ನೀನು ಖುಷಿಪಟ್ಟೆ. ನಾನೂ ನಿನ್ನ ಜೊತೆ ಖುಷಿಪಟ್ಟೆ.

ಮಂಗಳವಾರ ಲೈನ್ ಕೆಲಸವೆಂದು ಕರೆಂಟು ತೆಗೆದರು. ನಾನು ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದೆ. ಮಗ್ಗ ನಿಂತಿತು. ನೂಲು ಸುತ್ತಲು ಬಂದಿದ್ದ ಮುನಿರತ್ನಮ್ಮ ಕೂಗಿದಳೆಂದು ಎದ್ದು ಹೋದೆ. ಸಿಂಚನ ಆಡುತ್ತಿದ್ದ, ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಬಿಟ್ಟು, ತಾನೇ ಗೋಡೆಯ ಹತ್ತಿರ ಹೋಗಿ, ಮೂಗು ತಾಕುವ ಹಾಗೆ ನಿಂತಿದ್ದಳು. "ಅಪ್ಪಾ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಅಪ್ಪಾ".

ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆನೆಂದು ನಿನಗೆ ಗೊತ್ತು. ಅಮ್ಮ ಎಂದು ನಿನ್ನನ್ನು ಕರೆಯಲು ಕಲಿತು ವರ್ಷವಾಗಿತ್ತು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚೂ ಇತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ. ಹೋದ ತಿಂಗಳು ಅವಳು ಅಪ್ಪಾ ಎಂದದ್ದನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿದಾಗ ನೀನು ಕಣ್ಣೀರು ಹಾಕಿಕೊಂಡೆ. ಆ ಮಾತನ್ನೇ ಅವಳು ಗೋಡೆಗೆ ಹೇಳುತ್ತಿದ್ದಳು.

ಬಾರಮ್ಮ, ನೀನೇನೂ ಮಾಡಿಲ್ಲ ಎಂದೆ. ಬರಲಿಲ್ಲ. ಹೆಗಲು ಮುಟ್ಟಿದರೆ ಮೈ ಬಿಗಿ ಮಾಡಿಕೊಂಡಳು. ಕರೆಂಟು ಎಂದರೇನು, ಅದನ್ನು ಯಾರು ತೆಗೆಯುತ್ತಾರೆ ಎಂದು ಅವಳಿಗೆ ಹೇಗೆ ತಿಳಿಸಲಿ? ಅವಳಿಗೆ ಗೊತ್ತಿರುವುದು ಒಂದೇ, ಮಗ್ಗ ನಿಂತರೆ ತಾನು ತಪ್ಪು ಮಾಡಿದ್ದೇನೆ. ಏನು ತಪ್ಪೆಂದು ಗೊತ್ತಾಗದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದಳು. ನಿಂತಲ್ಲೇ ಒದ್ದೆ ಮಾಡಿಕೊಂಡಳು.

"ಏನಪ್ಪಾ ಮಾಡ್ಬಿಟ್ಟೆ ಈ ಮಗೀಗೆ? ಕರೆಂಟು ಹೋದ್ರೆ ಇದ್ಯಾಕೆ ಗೋಡೆ ತಾವ ನಿಂತ್ಕೊಳ್ತದೆ?" ಎಂದು ಮುನಿರತ್ನಮ್ಮ ಕೇಳಿದಳು.

ಮಗ್ಗದ ಚಕ್ರವನ್ನು ಕೈಯಿಂದಲೇ ತಿರುಗಿಸಿದೆ. ಲಾಳಿ ಒಂದು ಸಲ ಈಚೆ, ಒಂದು ಸಲ ಆಚೆ ಹೋಯಿತು. ನೂಲು ಹರಿಯಿತು, ಸೀರೆ ಕೆಟ್ಟಿತು. ರಟ್ಟೆ ಬಿದ್ದುಹೋಗುವ ತನಕ ತಿರುಗಿಸಿದೆ. ಅವಳು ಈ ಕಡೆ ತಿರುಗಲೇ ಇಲ್ಲ. ಸಂಜೆ ಕರೆಂಟು ಬಂದು ಎರಡೂ ಮಗ್ಗ ಓಡಿದ ಮೇಲೆ ಬಂದು ನೆಲದ ಮೇಲೆ ಮಲಗಿದಳು. ನಗಲಿಲ್ಲ.

ಮಾರನೇ ದಿನ ಥೆರಪಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಅವರು ಕೇಳಿದರು. ಅವಳ ಅಮ್ಮ ಊರಿಗೆ ಹೋಗಿದ್ದಾಳೆ, ಅಷ್ಟೇ ಎಂದೆ. ತಪ್ಪನ್ನು ನಿನ್ನ ತಲೆಗೆ ಕಟ್ಟಿ ಬಂದೆ ಜ್ಯೋತಿ. ನೀನು ಬಂದ ಮೇಲೆ ಮೂವರೂ ಹೋಗೋಣ. ನಿನ್ನ ಎದುರಿಗೇ ಅವರಿಗೆ ಎಲ್ಲ ಹೇಳುತ್ತೇನೆ. ಅವಳ ಮನಸ್ಸಿಗೆ ಏನಾಗಿದೆ, ಅದನ್ನು ಹೇಗೆ ಸರಿ ಮಾಡುವುದು ಎಂದು ಕೇಳಿ ತಿಳಿದುಕೊಳ್ಳಬೇಕು. ನನ್ನೊಬ್ಬನಿಂದ ಆಗುತ್ತಿಲ್ಲ.

ಇವತ್ತು ಮಗ್ಗಕ್ಕೆ ರಜ, ಆದರೂ ನೂಲಿಲ್ಲದ ಮಗ್ಗವನ್ನು ಸುಮ್ಮನೆ ಓಡಿಸುತ್ತಾ ಇದನ್ನು ಬರೆಯುತ್ತಿದ್ದೇನೆ. ಅವಳು ನಿದ್ದೆ ಹೋದ ಮೇಲೆಯೇ ಆರಿಸುವುದು. ಬೆಳಿಗ್ಗೆ ಅವಳ ಕೈ ಹಿಡಿದು ಸ್ವಿಚ್ ಮೇಲಿಟ್ಟು, ನೀನೇ ಹಾಕಮ್ಮ ಎಂದೆ. ಬಿಸಿ ತಾಕಿದ ಹಾಗೆ ಕೈ ಎಳೆದುಕೊಂಡಳು. ಯಾವತ್ತೂ ನನ್ನ ಮುಖ ನೋಡದ ಮಗಳು ಈಗ ನನ್ನ ಬಲಗೈಯನ್ನೇ ನೋಡುತ್ತಿರುತ್ತಾಳೆ. ನೀರು ಕುಡಿಯಲು ಎದ್ದರೂ ಆ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾಳೆ. ನನಗೆ ನಾಚಿಕೆಯಾಗುತ್ತದೆ. ಆ ಕೈಯಲ್ಲೇ ಇದನ್ನು ಬರೆದಿದ್ದೇನೆ.

ಬೈಯುವುದಿದ್ದರೆ ಬಂದು ಬೈ. ಬಸ್ ಸ್ಟ್ಯಾಂಡಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ, ಕಿವಿಗೆ ಹತ್ತಿಯಿಟ್ಟು.

ನಿನ್ನ ದಾರಿ ಕಾಯುತ್ತಿರುವ,
ಜಯಕುಮಾರ್

ತಾ.ಕ.: ಆ ವಾಯ್ಸ್ ಮೆಸೇಜನ್ನು ನೀನು ದಿನಾ ಹಾಕಿಕೊಂಡು ಕೇಳುತ್ತೀಯೆಂದು ಅತ್ತೆ ಹೇಳಿದರು. ಆಡುತ್ತಾ ಆಡುತ್ತಾ ತಾನಾಗಿಯೇ ಅಂದಳು ಎಂದು ನಿನಗೆ ಹೇಳಿದ್ದೆ. ಹಿಂದೆ ಮಗ್ಗದ ಸದ್ದೇ ಇಲ್ಲ, ಮಗಳ ದನಿ ಚೆನ್ನಾಗಿ ಕೇಳಲಿ ಅಂತ ನಿಲ್ಲಿಸಿದ್ದೀರಲ್ಲ ಎಂದು ನೀನು ಮೆಚ್ಚಿಕೊಂಡೆ. ಅವತ್ತು ಅವಳು ತಟ್ಟೆ ಎಸೆದಿರಲಿಲ್ಲ, ಕಚ್ಚಿರಲಿಲ್ಲ. ನೆಲಕ್ಕೆ ಕೆನ್ನೆ ಒತ್ತಿ ನಗುತ್ತಾ ಮಲಗಿದ್ದಳು. ಅಪ್ಪಾ ಎನ್ನುವ ತನಕ ಹಾಕುವುದಿಲ್ಲ ಎಂದು ನಾನೇ ಮಗ್ಗ ನಿಲ್ಲಿಸಿದ್ದೆ. ಆ ಮೆಸೇಜನ್ನು ಅಳಿಸಿಬಿಡು.