ಸೊಸೆ ಹೇಳಿದ ಮೇಲೆ

ಪ್ರೀತಿಯ ಅಮ್ಮನಿಗೆ,

ನಿನ್ನೆ ತಮ್ಮ ಫೋನ್ ಮಾಡಿದ್ದ. ನೀನೀಗ ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೀಯಂತೆ. ಕರಿದದ್ದು, ಸಿಹಿ ಎಲ್ಲ ಬಿಟ್ಟು ಸೊಪ್ಪು, ಕಾಳು ತಿನ್ನುತ್ತೀಯಂತೆ. ಕುರ್ಚಿಯಲ್ಲಿ ಕೂತು ಹತ್ತು ಹತ್ತು ಸಲ ಕಾಲು ಚಾಚಿ ಮಡಿಸುತ್ತೀಯಂತೆ. ಈಗ ನೆಲದ ಮೇಲೆ ಕೂತರೂ ಯಾರ ಕೈಯೂ ಹಿಡಿಯದೆ ಏಳುತ್ತೀಯಂತೆ. "ಎಲ್ಲಾ ನನ್ನ ಹೆಂಡ್ತಿ ಕಲ್ಸಿದ್ದು ಕಣಕ್ಕಾ" ಎಂದು ಬೀಗಿದ.

ಸಂತೋಷವೇ. ಆದರೆ ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಊರವರ ಮಂಡಿಗಳಿಗೆಲ್ಲ ವ್ಯಾಯಾಮ ಮಾಡಿಸುವವಳು ನಾನು. ಇದನ್ನೇ ನಾನು ಹೇಳಿದಾಗ ನೀನು, "ಸುಮ್ನಿರೇ, ಈ ವಯಸ್ಸಲ್ಲಿ ಮಂಡಿ ನೋಯ್ದೆ ಇನ್ನೇನು ಕುಣಿಯುತ್ತಾ?" ಎಂದಿದ್ದೆ. ಹಿತ್ತಲ ಗಿಡ ಮದ್ದಲ್ಲ, ಬಿಡು.

ನಿನ್ನ ಸೊಸೆ ದಿನವೂ ನಿನ್ನ ಪಕ್ಕದಲ್ಲೇ ನಡೆಯುತ್ತಾಳೆಂದು ತಮ್ಮ ಕೊನೆಯಲ್ಲಿ ಹೇಳಿದ. ನಾನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟು ಬಸ್ಸು ಹತ್ತಿಬಿಡುತ್ತಿದ್ದೆ. ವ್ಯತ್ಯಾಸ ಅರ್ಥವಾಯಿತು, ಹೊಟ್ಟೆಯುರಿ ಮಾತ್ರ ಕಡಿಮೆಯಾಗಲಿಲ್ಲ.

ಶನಿವಾರ ಸಂಜೆ ಬರುತ್ತೇನೆ. ಭಾನುವಾರ ಒಂದು ದಿನ ಅವಳನ್ನು ಎಬ್ಬಿಸಬೇಡ, ಪಾಪ, ಮಲಗಲಿ. ನಿನ್ನ ಜೊತೆ ನಾನು ನಡೆಯುತ್ತೇನೆ.

ಇಂತಿ,
ನಿನ್ನ ಮಗಳು