ಗೋಡೆಯಿಂದ ಬಂದ ತಂತಿ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 9

ಮೈನಸ್ ಮೂವತ್ತೊಂದು. ಕಾರಿಗೂ ನನ್ನ ಮಂಡಿಗೂ ಒಂದೇ ಕಾಯಿಲೆ, ಎರಡೂ ಏಳಲೊಲ್ಲವು. ಹೇಗೋ ಕರ್ಲಿಂಗ್ ಕ್ಲಬ್ಬಿಗೆ ಬಂದು ಆಫೀಸು ತೆರೆದೆ. ಜೋಡಿ ಪಂದ್ಯಕ್ಕೆ ಹೆಸರು ಬರೆದುಕೊಳ್ಳುವುದು ಶುರು — ಐಸ್ ಮೇಲೆ ಕಲ್ಲು ಜಾರಿಸಲು ಒಂದು ಗಂಡು, ಒಂದು ಹೆಣ್ಣು. ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚಬೇಕು.

ರೆಜೈನಾ ನಗರದಿಂದ ಕಂಪ್ಯೂಟರಿಗೆ ಹೊಸ ಡಾಕಿಂಗ್ ಸ್ಟೇಷನ್ ಬಂತು. ಇಟ್ಟಿಗೆಯಷ್ಟು ಕರಿ ಡಬ್ಬಿ. ಲ್ಯಾಪ್‌ಟಾಪಿನಿಂದ ಅದಕ್ಕೆ ಒಂದೇ ತಂತಿ, ಅದರಿಂದ ಮಾನಿಟರುಗಳಿಗೆ. ಎರಡೂ ಹತ್ತಿಕೊಂಡವು! ಒಂದರಲ್ಲಿ ಪಟ್ಟಿ. ಇನ್ನೊಂದು ಬಾಗಿಲಿಗೆ ಬೆನ್ನು ಮಾಡಿದೆ, ಅದರಲ್ಲಿ ಈ ದಿನಚರಿ. ಅಕ್ಷರ ದೊಡ್ಡದು ಮಾಡಿಕೊಂಡೆ.

ಡಬ್ಬಿಯಲ್ಲಿ ಇನ್ನೊಂದು ತೂತು ಖಾಲಿ, ಉದುರಿದ ಹಲ್ಲಿನ ಹಾಗೆ. ಗೋಡೆಯಿಂದ ಒಂದು ಅನಾಥ ತಂತಿ ಇಳಿಬಿದ್ದಿತ್ತು. ಚುಚ್ಚಿದೆ. ಈಗ ನೋಡಲು ಚೆಂದ.

ಸೆಟ್ಟಿಂಗ್ಸಿನಲ್ಲಿ ಎರಡನೇ ಮಾನಿಟರಿಗೆ ‘2|3’ ಎಂದು ತೋರಿಸುತ್ತಿದೆ. ಮೇಜಿನ ಮೇಲೆ ಮೂರನೆಯದು ಎಲ್ಲಿದೆ? ಎಣಿಸಲೂ ಬಾರದ ಯಂತ್ರ.

ಫೆ. 4, ಬೆಳಿಗ್ಗೆ 10.15

ಯಾರೂ ಓದದ ಜಾಗ... ಬರೆದೇಬಿಡುತ್ತೇನೆ. ಎಮಿಲ್‌ನ ಹೆಸರು ಇನ್ನೂ ಪಟ್ಟಿಯಲ್ಲಿಲ್ಲ. ಹದಿನಾರು ವರ್ಷದಿಂದ ಇಲ್ಲಿಯ ಐಸ್ ನೋಡಿಕೊಳ್ಳುವವನು. ನೀರು ಚಿಮುಕಿಸುವಾಗ ಮಗುವನ್ನು ಮಲಗಿಸುವವನಂತೆ ಗುನುಗುತ್ತಾನೆ. ನನ್ನವರು ಹೋಗಿ ಏಳು ಚಳಿಗಾಲ. ನನಗೂ ಜೋಡಿ ಇಲ್ಲ. ಅವನಾಗಿ ಕೇಳಲಿ. ನಾನು ಕೇಳಿ, ಅವನು ಒಲ್ಲೆ ಎಂದರೆ, ಆಮೇಲೆ ದಿನಾ ಯಾವ ಮುಖದಲ್ಲಿ ಗುಡ್ ಮಾರ್ನಿಂಗ್ ಹೇಳುವುದು?

ಅಡುಗೆಮನೆಯ ವಿಲ್ಮಾಳ ಆಪಲ್ ಪೈ ಇವತ್ತೂ ಚಪ್ಪಲಿಯ ಅಟ್ಟೆ. ಮಹಡಿಯಲ್ಲಿ ಕೂತು ಹರಟುವ ಆರ್ವಿಡ್ ಕ್ರಿಸ್ಮಸ್ಸಿನಿಂದ ತನ್ನ ಕಾಫಿ ಮಗ್ ತೊಳೆದಿಲ್ಲ.

ಫೆ. 5, ಮಧ್ಯಾಹ್ನ

ವಿಚಿತ್ರ. ಅಡುಗೆಮನೆಯಿಂದ ವಿಲ್ಮಾ ತಟ್ಟೆ ಹಿಡಿದು ಬಂದಳು. “ತಿನ್ನು ಮಾರಾಯ್ತಿ. ಇವತ್ತು ಅಟ್ಟೆ ಮೆತ್ತಗಿದೆ.”

ಅವಳ ಹಿಂದೆಯೇ ಆರ್ವಿಡ್. “ನೋಡು ಇರ್ಮಾ, ಮಗ್ ಫಳಫಳ!”

“ನಿನ್ನನ್ನ ಯಾರು ಕೇಳಿದ್ರು?”

“ಯಾರೂ ಇಲ್ಲಪ್ಪ. ಸುಮ್ನೆ ಬುದ್ಧಿ ಬಂತು.”

ಮಹಡಿಯ ಗಾಜಿನ ಕೋಣೆಯಲ್ಲಿ ಕಾಫಿ ಕುಡಿಯುವ ಮುದುಕರು ಮಾಮೂಲಿಗೆ ಆರು ಜನ. ಇವತ್ತು ಹದಿನೆಂಟು. ಖಾಲಿ ಐಸ್ ನೋಡಲು! ನಗು ಬೇರೆ. ಮಂಡಿ ಸರಿಯಿದ್ದರೆ ಹತ್ತಿ ಹೋಗಿ ನೋಡುತ್ತಿದ್ದೆ.

ಫೆ. 8, ಶನಿವಾರ, ಸಂಜೆ 4.20

ಎರಡು ದಿನ ಹಿಮಬಿರುಗಾಳಿ, ಕ್ಲಬ್ ಬಂದ್. ಇವತ್ತು ಆರ್ವಿಡ್ ಬಾಗಿಲಲ್ಲೇ ಕಾಯುತ್ತಿದ್ದ. “ಮನೇಲಿ ಕೂತು ಹುಚ್ಚು ಹಿಡೀತು. ಬೇಗ ಕೂತ್ಕೊ, ಕೆಲಸ ಶುರು ಮಾಡು.” ನನ್ನ ಕೆಲಸದ ಮೇಲೆ ಇವನಿಗೆ ಯಾವಾಗಿನಿಂದ ಇಷ್ಟು ಅಕ್ಕರೆ?

ಈಗ ತಾನೇ ಎಮಿಲ್ ಬಂದಿದ್ದ.

“ಪಟ್ಟಿ ತುಂಬಿತಾ, ಇರ್ಮಾ?”

“ಇನ್ನೂ ಒಂದು ಜೋಡಿಗೆ ಜಾಗ ಇದೆ.”

“ಹೌದಾ.” ಟೋಪಿ ತೆಗೆದ. ಹಾಕಿಕೊಂಡ. “ಐಸ್ ತಣ್ಣಗಿಡೋ ಕಂಪ್ರೆಸರ್ ಸದ್ದು ಮಾಡ್ತಿದೆ. ನೋಡ್ಬೇಕು.”

ಹೋದ. ದಡ್ಡ. ನಾನೂ ದಡ್ಡಿ.

4.41

ಆರ್ವಿಡ್ ಎಮಿಲ್‌ನ ತೋಳು ಹಿಡಿದು ಮಹಡಿಗೆ ಎಳೆದುಕೊಂಡು ಹೋದ. “ಕಂಪ್ರೆಸರ್ ಹಾಳಾಗ್ಲಿ, ಒಂದು ಕಾಫಿ ಕುಡಿ ಬಾರೋ!”

4.49

ನಾನೇ ಕೇಳಬಹುದಿತ್ತು. ‘ಎಮಿಲ್, ನನ್ನ ಜೊತೆ ಆಡ್ತೀಯಾ?’ ಇಷ್ಟೇ ಮಾತು.

ಮೇಲೆ ಚಪ್ಪಾಳೆ. ಯಾತಕ್ಕೆ? ಐಸ್ ಮೇಲೆ ನರಪಿಳ್ಳೆಯೂ ಇಲ್ಲ...

2|3. ಎರಡರಲ್ಲಿ ಇರುವುದೇ ಮೂರರಲ್ಲೂ.

ಗೋಡೆಯ ತಂತಿ ಮೇಲಕ್ಕೆ ಹೋಗುತ್ತದೆ. ಮೇಲೆ ಕಾಫಿ ಕುಡಿಯುವ ಕೋಣೆಯಲ್ಲಿ ದೊಡ್ಡ ಟೀವಿ ಇದೆ.

ಮೇಲಿರುವವರೇ, ಇದನ್ನು ಓದುತ್ತಿದ್ದರೆ ಎರಡು ಸಲ ನೆಲ ಕುಟ್ಟಿ.

ಧಡ್. ಧಡ್.

ಅಯ್ಯೋ ದೇವರೇ. ಸೋಮವಾರದಿಂದಲೂ?

ಧಡ್. ಧಡ್.

ಆರ್ವಿಡ್, ಪಾಪಿ, ನಿನ್ನ ಮಗ್ ಒಡೆದು ಹಾಕುತ್ತೇನೆ. ಎಮಿಲ್ ಇನ್ನೂ ಅಲ್ಲೇ ಇದ್ದಾನೆಯೇ?

ಧಡ್. ಧಡ್.

4.56

ಆಗಲಿ. ಹೋದ ಮಾನ ಹೋಯಿತು. ಎಮಿಲ್, ಇನ್ನು ನಾಲ್ಕು ನಿಮಿಷ ಇದೆ. ಆಡುತ್ತೀಯಾ? ನೀನೊಬ್ಬನೇ ಕುಟ್ಟಬೇಕು. ಉಳಿದವರು ಕಾಲು ಮೇಲೆತ್ತಿ ಕುಳಿತುಕೊಳ್ಳಿ.

ಸದ್ದಿಲ್ಲ.

ಇನ್ನೂ ಇಲ್ಲ.

ಮೆಟ್ಟಿಲ ಮೇಲೆ ಬೂಟು. ಒಬ್ಬನದೇ. ಗುನುಗುತ್ತಿದ್ದಾನೆ... ಸಾಕು, ಇನ್ನು ಮುಂದಿನದು ನಿಮಗೆ ಬೇಡ, ತಂತಿ ಕೀಳುತ್ತಿ